ಬಂಡೆಯ ನೆರಳಿನ ಬೂಟುಗಳು

"ನೋಡಬಹುದು, ಮುಟ್ಟೋ ಹಾಗಿಲ್ಲ," ಎಂದರು ಗಿರಿಜಮ್ಮ. ಮೆಲ್ಬರ್ನಿನ ಆ ಚಿತ್ರಶಾಲೆಯ ಗೋಡೆಗೆ ತೂಗಿದ್ದ ದೊಡ್ಡ ಚಿತ್ರದ ತುಂಬ ಸಮುದ್ರವಿತ್ತು. ಮೊಮ್ಮಗಳು ಆದ್ಯಾಳ ಬೆರಳು ಅಲೆಯೊಂದರ ಹತ್ತಿರಕ್ಕೆ ಹೋಗಿ ನಿಂತಿತ್ತು.

"ನಿಜವಾದ ಸಮುದ್ರಕ್ಕೂ ಸೇಮ್ ರೂಲ್, ಅಲ್ವಾ ಅಜ್ಜಿ?" ಎಂದಳು ಅವಳು, ಬೆರಳನ್ನು ಹಿಂದಕ್ಕೆಳೆದುಕೊಂಡು.

ಚುಚ್ಚಿದ್ದು ಸುಮ್ಮನೆ ಅಲ್ಲ. ಸಮುದ್ರದಲ್ಲಿ ಈಜು ಕಲಿಸುವ ಮಕ್ಕಳ ತರಗತಿ ನಾಳೆ, ಭಾನುವಾರ, ಶುರುವಾಗುವುದಿತ್ತು. ತಾಯಿ ಅಪರ್ಣಳಿಗೆ ಆಸ್ಪತ್ರೆಯ ಡ್ಯೂಟಿ. ತಂದೆ ಕೆಲಸದ ಮೇಲೆ ಸಿಡ್ನಿಗೆ ಹೋಗಿದ್ದ. ಕರೆದೊಯ್ಯಬೇಕಾದವರು ಗಿರಿಜಮ್ಮ, ಅವರು ಒಪ್ಪಿರಲಿಲ್ಲ. ನಾಳೆ ನವಮಿ. ಹುಣ್ಣಿಮೆ ಅಮಾವಾಸ್ಯೆಗಳಂಥ ಪರ್ವದಿನದಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದೆಂಬುದು ಅವರ ತವರಿನ ನಿಯಮ. ಬಾಲ್ಯದಲ್ಲೊಮ್ಮೆ ಮಲ್ಪೆಯ ಮರಳಿನ ಮೇಲೆ, ಅಮ್ಮನ ಬಿಗಿಮುಷ್ಟಿಯೊಳಗೆ ಕೈಯಿಟ್ಟು, ಅಲೆಗಳು ತಮ್ಮ ಪಾದದವರೆಗೂ ಬಂದು ಮುಟ್ಟದೆ ಹಿಂದಿರುಗುವುದನ್ನು ನೋಡುತ್ತ ನಿಂತಿದ್ದವರು ಅವರು. ಮಗುವಿನ ಮುನಿಸು ತಣಿಯಲೆಂದು, ಇವತ್ತು ಬಣ್ಣದ ಸಮುದ್ರವನ್ನಾದರೂ ತೋರಿಸಲು ಕರೆತಂದಿದ್ದರು.

ಇಂಗ್ಲೆಂಡಿನ ಚರಿತ್ರೆ ಪಾಠ ಹೇಳಿ ನಿವೃತ್ತರಾದ ಅವರಿಗೆ ವಿಕ್ಟೋರಿಯಾ ರಾಣಿಯ ಕಾಲ ಅಂಗೈಯ ಗೆರೆಯಷ್ಟೇ ಪರಿಚಿತ. ಆ ಕಾಲದ್ದೇ ಆದ ಈ ಚಿತ್ರದಲ್ಲಿ ಮರಳಿನ ಮೇಲಿದ್ದ ಮಕ್ಕಳ ಟೊಪ್ಪಿಗೆ, ಕಪ್ಪು ಕಾಲುಚೀಲ, ಗುಂಡಿ ಬಿಗಿದ ಬೂಟು, ಎಲ್ಲವನ್ನೂ ವಿವರಿಸಿ, ಹಿಂದೆ ಕೊಡೆ ಹಿಡಿದು ಕೂತ ದಾದಿಯ ಬಳಿಗೆ ಬಂದರು.

"ಇವಳನ್ನ ನೋಡು. ಸಮುದ್ರಕ್ಕೆ ಕರ್ಕೊಂಡು ಬಂದು, ಬೂಟು ಬಿಚ್ಚಬೇಡಿ ಅಂತ ಕಾವಲು ಕೂತಿದಾಳೆ. ಪಾಪ, ಆ ಮಕ್ಕಳು."

"ಅವಳ ಹತ್ರಾನೂ ಪಂಚಾಂಗ ಇತ್ತಾ?"

ಗಿರಿಜಮ್ಮ ಗದರಲೆಂದು ತಿರುಗಿದರು. ಆದ್ಯಾ ಅಷ್ಟರಲ್ಲಿ ಚಿತ್ರದ ಕೆಳಮೂಲೆಯ ಎದುರು ಕುಕ್ಕುರುಗಾಲಲ್ಲಿ ಕುಳಿತಿದ್ದಳು.

"ಅಜ್ಜಿ, ಈ ಶೂಸ್ ಯಾರ್ದು?"

ಬಂಡೆಯ ನೆರಳಿನಲ್ಲಿ ಒಂದು ಜೊತೆ ಪುಟ್ಟ ಬೂಟುಗಳು. ಒಳಗೆ ತುರುಕಿದ ಕಾಲುಚೀಲಗಳು. ಗಿರಿಜಮ್ಮ ಕನ್ನಡಕ ಸರಿಪಡಿಸಿಕೊಂಡು ಒಂದೊಂದು ಮಗುವಿನ ಕಾಲನ್ನೂ ನೋಡಿದರು. ಎಲ್ಲರ ಬೂಟುಗಳೂ ಅವರವರ ಕಾಲಲ್ಲೇ ಇದ್ದವು.

"ಚಿತ್ರ ಬರೆದವನು ಒಂದು ಮಗೂನ ಮರೆತಿರಬೇಕು," ಎಂದರು. ದನಿಯಲ್ಲಿ ಈಗ ಪಾಠದ ಗತ್ತು ಇರಲಿಲ್ಲ.

"ಮರೆತಿಲ್ಲ. ಅವಳು ನೀರಲ್ಲಿದಾಳೆ," ಎಂದು ಆದ್ಯಾ, ಚೌಕಟ್ಟಿನಾಚೆಯ ಬರಿಯ ಬಿಳಿಗೋಡೆಯತ್ತ ಕೈ ತೋರಿದಳು. ಗಿರಿಜಮ್ಮ ಆ ಗೋಡೆಯನ್ನೇ ಬಹಳ ಹೊತ್ತು ನೋಡುತ್ತ ನಿಂತರು. ಮನೆಗೆ ಮರಳುವಾಗ ರೈಲಿನಲ್ಲಿ ಅವರು ಕೇಳಿದ್ದು ಒಂದೇ: ತರಗತಿ ಬೆಳಿಗ್ಗೆ ಎಷ್ಟು ಗಂಟೆಗೆ?

ಮರುದಿನ ನವಮಿಯ ಬಿಸಿಲು ಮರಳಿನ ಮೇಲೆ ಹರಡಿತ್ತು. ಈಜು ಕಲಿಸುವ ತರುಣಿ, ಮಕ್ಕಳು ಬಿಟ್ಟುಹೋದ ಸಾಮಾನುಗಳನ್ನು ಅಲೆ ತಾಗದಂತೆ ಮೇಲಕ್ಕೆ ಎತ್ತಿಡುತ್ತ ಬಂದಳು. ಆದ್ಯಾಳ ಗುಲಾಬಿ ಶೂಗಳ ಪಕ್ಕದಲ್ಲಿ ದೊಡ್ಡವರ ಒಂದು ಜೊತೆ ಕಪ್ಪು ಚಪ್ಪಲಿ. ಅದರ ಮೇಲೆ, ಬೇಸಿಗೆಯಲ್ಲೂ ಕಾಲು ಬಿಡದ ಉಣ್ಣೆಯ ಕಾಲುಚೀಲಗಳನ್ನು ನೀಟಾಗಿ ಮಡಿಸಿಡಲಾಗಿತ್ತು. ಇವು ಯಾರವೆಂದು ಅವಳು ಅಲೆಯಂಚಿನಲ್ಲಿ ನಿಂತಿದ್ದ ಆದ್ಯಾಳನ್ನು ಕೇಳಿದಳು.

ಆದ್ಯಾ ತಿರುಗಿಯೂ ನೋಡದೆ ನೀರಿನತ್ತ ಕೈ ತೋರಿದಳು.