ಕುದುರೆಯ ಮೇಲಿನ ಮೇಷ್ಟ್ರು

ಕುತ್ತಿಗೆಯ ಕುಣಿಕೆ ನಿಜವಾಗಿಯೂ ಬಿಗಿಯುತ್ತಿದೆ ಎಂದು ಕೊಟ್ಟೂರೇಶ್ ಮೇಷ್ಟ್ರಿಗೆ ಗೊತ್ತಾದದ್ದು ಕುದುರೆ ಒಂದು ಹೆಜ್ಜೆ ಮುಂದಿಟ್ಟಾಗಲೇ. ಹಗ್ಗದ ಇನ್ನೊಂದು ತುದಿಯನ್ನು ಜಾಲಿಯ ಕೊಂಬೆಯ ಮೇಲೆ ಸುಮ್ಮನೆ ಇಳಿಬಿಡಬೇಕಿತ್ತು. ಯಾರೋ ಗಂಟು ಹಾಕಿಬಿಟ್ಟಿದ್ದರು. ಮೇಷ್ಟ್ರ ಕೈಗಳನ್ನೋ ಬೆನ್ನ ಹಿಂದೆ ಕಟ್ಟಲಾಗಿತ್ತು.

ಹರಿಹರದ ಹೊಳೆದಂಡೆಯಲ್ಲಿ ಅಂದು ಕೌಬಾಯ್ ಸಿನಿಮಾದ ಶೂಟಿಂಗ್. ನೂರೈವತ್ತು ವರ್ಷ ಹಿಂದಿನ ಕುದುರೆಗಳ್ಳನನ್ನು ಗಲ್ಲಿನಿಂದ ಬಿಡಿಸಲು ಈ ಕಾಲದ ಹುಡುಗಿಯೊಬ್ಬಳು ಕಾಲಯಂತ್ರದಲ್ಲಿ ಬರುವ ಕಥೆ. ಕಳ್ಳನ ಪಾತ್ರ ದಾವಣಗೆರೆಯ ಈ ನಿವೃತ್ತ ಗಣಿತ ಮೇಷ್ಟ್ರದು. ಹುಡುಗಿಯ ಪಾತ್ರ ಅವರ ಹಳೆಯ ಶಿಷ್ಯೆ ಕೃತಿಕಾಳದು.

"ಬಿಡಿಸ್ರಪ್ಪೋ, ಸಾಯ್ತೀನಿ!" ಎಂದು ಮೇಷ್ಟ್ರು ಚೀರಿದರು. ಅವರ ಪಾತ್ರದ ಸಂಭಾಷಣೆಯೂ ಅದೇ ಆಗಿತ್ತು. "ಸೂಪರ್ ಸಾರ್, ಹಂಗೇ ಹೋಗ್ಲಿ!" ಎಂದ ನಿರ್ದೇಶಕ, ಕ್ಯಾಮೆರಾದ ಹಿಂದಿನಿಂದ. ನೋಡಲು ಬಂದಿದ್ದ ಪಕ್ಕದ ಸಾರಥಿ ಹಳ್ಳಿಯ ಜನ ಕಣ್ಣರಳಿಸಿ ನಿಂತಿದ್ದರು. ಕುದುರೆ ಇನ್ನೊಂದು ಹೆಜ್ಜೆ ಇಟ್ಟಿತು. ಎಷ್ಟು ಚೀರಿದರೂ ಅದು ನಟನೆಯೇ ಆಗುತ್ತದೆ ಎಂದು ಅವರಿಗೆ ಹೊಳೆಯಿತು. ತೊಡೆಗಳಿಂದ ಕುದುರೆಯನ್ನು ಅವುಚಿ, ಉಳಿದ ಉಸಿರನ್ನೆಲ್ಲ ಒಟ್ಟುಮಾಡಿ, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಹೇಳಿದರು: "ಕೃತಿಕಾ, ಹಗ್ಗಕ್ಕೆ ನಿಜವಾಗ್ಲೂ ಗಂಟು ಹಾಕ್ಯಾರವ್ವ."

ಕೃತಿಕಾ ಓಡಿಬಂದಳು. ಲಗಾಮು ಹಿಡಿದು ಕುದುರೆಯನ್ನು ಹಿಂದಕ್ಕೆ ಒತ್ತಿದಳು. ಹಗ್ಗ ಸಡಿಲಾಯಿತು.

"ಏ, ಕಟ್ ಹೇಳೋತನಕ ನಿಂದ್ರು!" ನಿರ್ದೇಶಕ ರೇಗಿದ. ಅವಳು ತಿರುಗಿಯೂ ನೋಡಲಿಲ್ಲ.

"ಅಲುಗಾಡಬ್ಯಾಡ್ರಿ ಸಾರ್," ಎಂದಳು, "ನಾ ಹಿಡ್ಕಂಡಿದೀನಿ."