ದಾರಿ ಬಿಡಬೇಡ

ಒಂದು ಹಗಲು, ಒಂದು ರಾತ್ರಿ ಓಡಿದ ಕಾರ್ ರೇಸಿನ ಕೊನೆಯ ಸುತ್ತು. ಬಿಳಿ ಕಾರಿನ ಪಕ್ಕಕ್ಕೇ ಎದುರಾಳಿ ಕಂಪನಿಯ ಕೆಂಪು ಕಾರು ಅಂಟಿಕೊಂಡು ಬರುತ್ತಿತ್ತು.

“ದಾರಿ ಬಿಡಬೇಡ!” ರೇಡಿಯೊದಲ್ಲಿ ಮ್ಯಾನೇಜರ್ ಕೂಗಿದ.

“ಜಾಗ ಇಲ್ಲ ಸಾರ್. ಒತ್ತಿದ್ರೆ ಅವನು ಗೋಡೆಗೆ ಹೋಗ್ತಾನೆ.”

“ಹೋಗ್ಲಿ. ಆ ಕಂಪನಿ ಮುಂದೆ ಸೋತ್ರೆ ನಮ್ಮ ಯಜಮಾನ್ರು ತಲೆ ಎತ್ತೋ ಹಾಗಿಲ್ಲ.”

ಬಿಳಿ ಕಾರಿನವನು ಒತ್ತಿದ. ಕೆಂಪು ಕಾರು ಗೋಡೆಗೆ ಬಡಿಯಿತು.

ಗೆದ್ದು ಕಾರಿನಿಂದ ಇಳಿದವನೇ ಅವನು ಮ್ಯಾನೇಜರ್ ಬಳಿಗೆ ಓಡಿದ.

“ಅವನು?”

“ಉಳೀಲಿಲ್ಲ,” ಎಂದ ಮ್ಯಾನೇಜರ್.

“ಯಜಮಾನ್ರಿಗೆ ಹೇಳಿದ್ರಾ?”

“ಈಗ ಬೇಡ. ಮಗಳ ಮದುವೆ ನಿಶ್ಚಯ ಆಗ್ತಿದೆ, ಬೀಗರು ಬಂದಿದ್ದಾರೆ.”

ಅವನು ತಲೆಯೆತ್ತಿ ನೋಡಿದ. ಮೇಲಿನ ಗಾಜಿನ ಕೋಣೆಯಲ್ಲಿ ಯಜಮಾನರೂ ಕೆಂಪು ಕಾರಿನ ಕಂಪನಿಯ ಮಾಲೀಕರೂ ತಾಂಬೂಲ ಬದಲಾಯಿಸಿಕೊಳ್ಳುತ್ತಿದ್ದರು.