ಹಿಗ್ಗಿದ ಹೊಲ

“ವಿಶ್ವ ಹಿಗ್ಗುತ್ತಿದೆ,” ಎಂದರು ಧಾರವಾಡದ ಕಾಲೇಜಿನಿಂದ ಬಂದಿದ್ದ ಪ್ರೊಫೆಸರರು.

“ಹಿಗ್ಗಾಕ ಏನಾತ್ರಿ ಅದಕ್ಕ? ಮಗನ ಲಗ್ನ ಗೊತ್ತಾತೇನು?” ಹಿಂದಿನಿಂದ ಯಾರೋ ಕೇಳಿದರು. ಪಾಳಾ ಊರಿನ ಶಾಲೆಯ ಅಂಗಳ ಗೊಳ್ಳೆಂದಿತು. ರಷ್ಯಾದವರು ಸ್ಪುಟ್ನಿಕ್ ಹಾರಿಸಿದಂದಿನಿಂದ ಆಕಾಶದ ಮೇಲೆ ಭಾಷಣ ಮಾಡಿಸುವುದು ಊರೂರಿಗೂ ಒಂದು ಪ್ರತಿಷ್ಠೆಯಾಗಿತ್ತು.

ಪ್ರೊಫೆಸರರು ಸಿಟ್ಟಾಗಲಿಲ್ಲ. ಜೇಬಿನಿಂದ ಒಂದು ರಬ್ಬರಿನ ಪುಗ್ಗಾ ತೆಗೆದು, ಮಸಿಯಿಂದ ಅದರ ಮೇಲೆ ಚುಕ್ಕಿಗಳನ್ನಿಟ್ಟು, ಕೆನ್ನೆ ಉಬ್ಬಿಸಿ ಊದಿದರು. ಚುಕ್ಕಿಗಳು ಒಂದರಿಂದೊಂದು ದೂರವಾದವು. “ಒಂದೊಂದು ಚುಕ್ಕಿಯೂ ಕೋಟಿಗಟ್ಟಲೆ ನಕ್ಷತ್ರಗಳ ಗುಂಪು ಎಂದುಕೊಳ್ಳಿ. ಚುಕ್ಕಿ ತಾನಾಗಿ ನಡೆಯಲಿಲ್ಲ, ಕೆಳಗಿನ ರಬ್ಬರು ಹಿಗ್ಗಿತು. ಯಾವ ಚುಕ್ಕಿಯ ಮೇಲೆ ನಿಂತು ನೋಡಿದರೂ ಉಳಿದವೆಲ್ಲ ದೂರ ಓಡುತ್ತಿವೆ, ತಾನೇ ನಟ್ಟನಡುವೆ ಇದ್ದೇನೆ ಅನ್ನಿಸುತ್ತದೆ.”

ಮುಂದಿನ ಕುರ್ಚಿಯಲ್ಲಿದ್ದ ಅಂದಾನೆಪ್ಪ ಸಾವಕಾರರಿಗೆ ಈ ಕೊನೆಯ ಮಾತು ಹೊಸದಲ್ಲ. ಹುಟ್ಟಿದಾಗಿನಿಂದ ಅವರಿಗೆ ಹಾಗೇ ಅನ್ನಿಸಿದೆ. ಅವರ ಕಿವಿ ನೆಟ್ಟಗಾದದ್ದು ರಬ್ಬರಿನ ಮಾತಿಗೆ. ಅವರ ಹೊಲದ ಗಡಿಗೆ ನೆಟ್ಟಿದ್ದ ಬಾಂದಗಲ್ಲು ಹೋದ ಬೇಸಿಗೆಯಲ್ಲಿ ಪಕ್ಕದ ಶಿವಗಂಗವ್ವನ ಹೊಲದೊಳಗೆ ಎರಡು ಮಾರು ಹೋಗಿ ನಿಂತಿತ್ತು. ಗಂಡ ಸತ್ತ ಹೆಂಗಸು, ಇದ್ದದ್ದೇ ಅಂಗೈಯಗಲದ ಹೊಲ. ಆ ಎರಡು ಮಾರು ಹೋದರೆ ಒಂದು ತಿಂಗಳ ಅಕ್ಕಿ ಹೋದಂತೆ. ಮರುದಿನ ಈ ನ್ಯಾಯ ಹೇಳಬೇಕಾದ ಹಿರಿಯ ಅಡಿವೆಯ್ಯನವರೂ ಅದೇ ಸಾಲಿನಲ್ಲಿ ಕೂತಿದ್ದರು.

ಭಾಷಣ ಮುಗಿದು ಚಹಾ ಬಂತು. ಅಂದಾನೆಪ್ಪನವರು ಬಸಿಗೆ ಸುರಿದುಕೊಳ್ಳುತ್ತ ದನಿ ಏರಿಸಿದರು. “ಕೇಳಿದ್ರೇನ್ರಿ ಅಯ್ಯನವರ? ಕಲ್ಲು ನಾ ಸರಿಸಿಲ್ಲ ಅಂತ ಎಷ್ಟ ಸಲ ಹೇಳಿದ್ನಿ. ಅದು ಇದ್ದಲ್ಲೇ ಐತಿ. ಕೆಳಗಿನ ಹೊಲ ಹಿಗ್ಗೇತಿ. ಖುದ್ದ ಸರ್ ಹೇಳ್ಯಾರ!”

“ಖರೇನ್ರಿ ಸರ್?” ಅಡಿವೆಯ್ಯನವರು ಕೇಳಿದರು.

ಹಿಗ್ಗುವುದು ಆ ನಕ್ಷತ್ರಗುಂಪುಗಳ ನಡುವಿನ ಜಾಗ ಮಾತ್ರ. ಭೂಮಿಯನ್ನು ಅದರದೇ ಆಕರ್ಷಣೆ ಬಿಗಿಯಾಗಿ ಹಿಡಿದಿದೆ, ಹೊಲ ಕೂದಲೆಳೆಯಷ್ಟೂ ಹಿಗ್ಗದು. ಪ್ರೊಫೆಸರರು ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಮಧ್ಯಾಹ್ನವಷ್ಟೇ ಆ ನಾಲಿಗೆಯ ಮೇಲೆ ಸಾವಕಾರರ ಮನೆಯ ತುಪ್ಪ-ಹೋಳಿಗೆ ಹಾಯ್ದುಹೋಗಿತ್ತು. “ಅದು... ತಾತ್ವಿಕವಾಗಿ ನೋಡಿದರೆ...” ಎಂದು ಪ್ರೊಫೆಸರರು ಕೆಮ್ಮಿದರು. ಕೋಟಿ ಕೋಟಿ ಮೈಲಿಯಾಚೆಯ ಸತ್ಯವನ್ನು ಸಲೀಸಾಗಿ ಹೇಳಿದವರಿಗೆ ಎರಡು ಮಾರಿನ ಸತ್ಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹೆಂಗಸರ ಸಾಲಿನಿಂದ ಶಿವಗಂಗವ್ವ ಎದ್ದು ಬಂದಳು. ಮೇಜಿನ ಮೇಲಿದ್ದ ಪುಗ್ಗಾ ಕೈಗೆತ್ತಿಕೊಂಡಳು.

“ಸರ್, ನಾ ಸಾಲಿ ಕಲ್ತಾಕಿ ಅಲ್ಲ. ಒಂದ ಮಾತು ಕೇಳ್ತೇನಿ. ಈ ಪುಗ್ಗಾ ತಾನ ಹಿಗ್ಗಿತೇನ್ರಿ?”

“ಇಲ್ಲವ್ವಾ. ನಾನೇ ಊದಿದೆ.”

“ಹಂಗಾರ ನನ್ನ ಹೊಲದಾಗ ಊದಿದವರು ಯಾರ್ರೀ?”

ಅಂಗಳದ ಕಣ್ಣುಗಳೆಲ್ಲ ಅಂದಾನೆಪ್ಪನವರತ್ತ ತಿರುಗಿದವು. ಸುಡುವ ಚಹಾದ ಬಸಿಯನ್ನು ತುಟಿಯ ಹತ್ತಿರ ಹಿಡಿದು, ಆರಿಸಲೆಂದು ಕೆನ್ನೆ ಉಬ್ಬಿಸಿಕೊಂಡಿದ್ದ ಸಾವಕಾರರು ಊದಲೂ ಆಗದೆ, ಬಿಡಲೂ ಆಗದೆ ಹಾಗೇ ಕೂತಿದ್ದರು.